ಪುಣೆಯ ಮೊಹಲ್ಲಾ ಕಮಿಟಿ: ಮೂರು ಸಭೆಗಳ ಅನುಭವ

ಪುಣೆ ಮಹಾನಗರಪಾಲಿಕೆಯ 15 ಕ್ಷೇತ್ರೀಯ ಕಾರ್ಯಾಲಯಗಳಲ್ಲಿ, ಅಂದರೆ ವಾರ್ಡ್ ಕಚೇರಿಗಳಲ್ಲಿ, ತಿಂಗಳಿಗೊಮ್ಮೆ ಮೊಹಲ್ಲಾ ಕಮಿಟಿಯ ಸಭೆ ಸೇರುತ್ತದೆ. ನೀರು, ಒಳಚರಂಡಿ, ದೀಪ, ಕಸ ಮುಂತಾದ ವಿಭಾಗಗಳ ಅಧಿಕಾರಿಗಳು ಅಲ್ಲಿ ಒಟ್ಟಿಗೆ ಕುಳಿತಿರುತ್ತಾರೆ. ಯಾರ ಶಿಫಾರಸೂ ಇಲ್ಲದೆ ಹೋಗಿ ಅಹವಾಲು ಹೇಳಿಕೊಳ್ಳಬಹುದು. 2022ರ ಮಾರ್ಚ್‌ನಲ್ಲಿ ನಗರಸೇವಕರ (ಪಾಲಿಕೆಯ ಚುನಾಯಿತ ಸದಸ್ಯರ) ಅವಧಿ ಮುಗಿದು ಪ್ರಶಾಸಕರ (ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ) ಆಡಳಿತ ಬಂದ ಮೇಲೆ, ಬಾಗಿಲು ತಟ್ಟಲು ಬೇರೆ ಮನೆಯಿಲ್ಲದವರಿಗೆ ಈ ಸಭೆಯೇ ದಿಕ್ಕಾಯಿತು. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಗೌಂಡಿ ಕೆಲಸ, ಮನೆಗೆಲಸ ಮಾಡಿಕೊಂಡಿರುವ ವಸ್ತಿಯೊಂದರ (ಕೊಳೆಗೇರಿಯೊಂದರ) ಹೆಂಗಸರ ಜೊತೆ ನಾನು ಮೂರು ಸಭೆಗಳಿಗೆ ಹೋಗಿದ್ದೆ. ಕಾರ್ಯಾಲಯದ ಹೆಸರು ಇಲ್ಲಿ ಬೇಡ.

ಮೊದಲ ತೊಡಕು ಹೊತ್ತಿನದು. ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ಎಂಟಕ್ಕೇ ಮಜೂರ್ ಅಡ್ಡಾದಲ್ಲಿ (ಕೂಲಿಗೆ ಕರೆಯುವವರನ್ನು ಕಾಯುವ ಜಾಗದಲ್ಲಿ) ನಿಲ್ಲಬೇಕಾದವರು ಇಲ್ಲಿಗೆ ಬಂದರೆ ಅಂದಿನ ಕೂಲಿ ಹೋದಂತೆಯೇ. ಹಾಗಾಗಿ ಮುಂದಿನ ಸಾಲಿನಲ್ಲಿ ಸೊಸೈಟಿಗಳ ನಿವೃತ್ತ ಹಿರಿಯರೇ ಕಾಣಿಸುತ್ತಾರೆ. ಅವರ ಫುಟ್‌ಪಾತಿನ ದೂರು ಸುಳ್ಳಲ್ಲ, ಆದರೆ ಅದು ಮುಗಿಯುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ ದಾಟಿತ್ತು, ನೀರಿನ ವಿಭಾಗದ ಅಭಿಯಂತರು ಸೈಟಿಗೆಂದು ಎದ್ದು ಹೋಗಿಯಾಗಿತ್ತು.

ನಮ್ಮ ದೂರು ಸಾರ್ವಜನಿಕ ಶೌಚಾಲಯದ್ದು: ಹೆಂಗಸರ ಕಡೆ ದೀಪವಿಲ್ಲ, ಎರಡು ಬಾಗಿಲುಗಳಿಗೆ ಚಿಲಕವಿಲ್ಲ. ಸಿಂದಗಿ ತಾಲ್ಲೂಕಿನ ಒಬ್ಬಾಕೆ ಒಡೆದ ಗಾಜಿನ ಮೊಬೈಲನ್ನು ಅಧಿಕಾರಿಯ ಮುಂದೆ ಹಿಡಿದು, ರಾತ್ರಿ ತೆಗೆದ ಫೋಟೊ ತೋರಿಸಿದರು. ಫೋಟೊದಲ್ಲಿ ಕತ್ತಲೆಯ ಹೊರತು ಏನೂ ಕಾಣುತ್ತಿರಲಿಲ್ಲ. ಅದನ್ನೇ ತೋರಿಸಲು ಬಂದಿದ್ದು ಎಂದು ಆಕೆ ತಮಗೆ ಬರುವಷ್ಟು ಮರಾಠಿಯಲ್ಲಿ ಹೇಳಿದಾಗ ಸಭೆ ನಕ್ಕಿತು, ಅಧಿಕಾರಿ ಮಾತ್ರ ನಗಲಿಲ್ಲ. ‘ನೋಡುತ್ತೇವೆ’ ಎಂದರು, ಯಾವ ಪುಸ್ತಕದಲ್ಲೂ ಬರೆದುಕೊಳ್ಳಲಿಲ್ಲ.

ಎರಡನೆಯ ಸಭೆಗೆ ಮರಾಠಿಯಲ್ಲಿ ಅರ್ಜಿ ಬರೆಸಿ ಎರಡು ಪ್ರತಿ ಒಯ್ದೆವು. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಆವಕದ (ಅರ್ಜಿ ತಲುಪಿದೆ ಎನ್ನುವ) ಮೊಹರು, ಸಂಖ್ಯೆ ಹಾಕಿಸಿಕೊಂಡೆವು. ಈ ಸೇವೆಯನ್ನು ಬಳಸುವವರಿಗೆ ನಾನು ಹೇಳುವುದಿದ್ದರೆ ಇದೊಂದೇ: ಮಾತಿಗಿಂತ ಆ ಮೊಹರನ್ನು ನಂಬಿ. ಜೊತೆಗೆ, ಮಹಾರಾಷ್ಟ್ರದ 1971ರ ಕೊಳೆಗೇರಿ ಕಾಯ್ದೆಯಡಿ ನಿಮ್ಮ ವಸ್ತಿ ‘ಘೋಷಿತ’ವಾಗಿದ್ದರೆ, ಅಂದರೆ ಕೊಳೆಗೇರಿ ಎಂದು ಅಧಿಕೃತವಾಗಿ ಸಾರಿದ್ದರೆ, ಆ ಘೋಷಣೆಯ ಪ್ರತಿ ಕೈಯಲ್ಲಿರಲಿ, ಏಕೆಂದರೆ ಆ ಪ್ರಶ್ನೆ ಬಂದೇ ಬರುತ್ತದೆ. ಸಣ್ಣ ಕಾಮಗಾರಿಗಳಿಗೆ 2006ರಿಂದ ನಾಗರಿಕರ ಸಲಹೆಯ ಬಜೆಟ್ ಎಂಬ ಇನ್ನೊಂದು ದಾರಿಯೂ ಇದೆ; ಅಲ್ಲಿ ಅರ್ಜಿ ಕೊಟ್ಟರೆ ಮುಂದಿನ ವರ್ಷದವರೆಗೆ ಕಾಯುವ ತಾಳ್ಮೆ ಬೇಕು.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಸಭೆಯನ್ನು ಸಂಜೆ ಏಳಕ್ಕೆ ಇಟ್ಟು, ಬಾಯಿಮಾತಿನ ದೂರನ್ನೂ ಬರೆದುಕೊಳ್ಳುವ ಒಬ್ಬ ಗುಮಾಸ್ತರನ್ನು ಕೂರಿಸಿದ್ದರೆ ಇನ್ನೊಂದು ಅಂಕ ಕೊಡಲು ಅಡ್ಡಿಯಿರಲಿಲ್ಲ.

ಮೂರನೆಯ ಸಭೆಗೆ ಹೊರಟಾಗ, ಫೋಟೊ ತೋರಿಸಿದ್ದ ಆಕೆ ಹೇಳಿದ್ದು: “ಅಕ್ಕಾರ, ಲೈಟ್ ಬಂದೈತ್ರಿ. ಚಿಲಕ ಬಂದಿಲ್ಲ, ಬೆಳಕಿನಾಗ ಬಾಗಲಾ ಹಿಡ್ಕೊಂಡ ಕುಂದರ್ತೀವಿ.” ಚಿಲಕದ ಅರ್ಜಿಗೆ ಅಂದು ಎರಡನೆಯ ಆವಕ ಸಂಖ್ಯೆ ಬಿತ್ತು.