ಓಪನಿಂಗ್, ಟ್ಯಾಕ್ಟಿಕ್ಸ್, ಎಂಡ್‌ಗೇಮ್: ಒಂಬತ್ತು ತಿಂಗಳ ನನ್ನ ಚೆಸ್ ಲೆಕ್ಕ

ಕಾಯಿ ನಡೆಸುವುದನ್ನು ಅಪ್ಪ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು, ಅಷ್ಟೇ. ನಲವತ್ತು ದಾಟಿದ ಮೇಲೆ ಮಗಳು ಸತತ ಆರು ಆಟ ಸೋಲಿಸಿದಳು. ಕ್ರಮವಾಗಿ ಕಲಿಯದೆ ಬೇರೆ ದಾರಿ ಉಳಿಯಲಿಲ್ಲ. ದಿನಕ್ಕೆ ಮುಕ್ಕಾಲು ಗಂಟೆಯಂತೆ ಮೂರು ತಿಂಗಳು ಓಪನಿಂಗ್ (ಆಟದ ಮೊದಲ ನಡೆಗಳು), ಮೂರು ತಿಂಗಳು ಟ್ಯಾಕ್ಟಿಕ್ಸ್ (ಕೆಲವೇ ನಡೆಗಳಲ್ಲಿ ಕಾಯಿ ಅಥವಾ ಆಟ ಗೆಲ್ಲುವ ಹೊಂಚು), ಮೂರು ತಿಂಗಳು ಎಂಡ್‌ಗೇಮ್ (ಕೆಲವೇ ಕಾಯಿ ಉಳಿದ ಕೊನೆಯ ಹಂತ). ಆಡಿದ್ದೆಲ್ಲ ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ, ಹತ್ತು ನಿಮಿಷದ ಆಟ. ಅಲ್ಲಿ ಪಜಲ್, ವಿಶ್ಲೇಷಣೆ ಎಲ್ಲವೂ ಪುಕ್ಕಟೆ, ಜಾಹೀರಾತಿನ ಕಾಟವಿಲ್ಲ.

ಓಪನಿಂಗ್‌ಗೆ ಆರಿಸಿಕೊಂಡದ್ದು ಕಪ್ಪು ಕಾಯಿಯಿಂದ ಆಡುವ ಸಿಸಿಲಿಯನ್ ನಾಯ್ಡೋರ್ಫ್. ವಿಶ್ವ ಚಾಂಪಿಯನ್ನರಾಗಿದ್ದ ಫಿಶರ್, ಕಾಸ್ಪರೋವ್ ಆಡಿದ್ದು ಎನ್ನುವ ಗತ್ತಿಗೆ ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಹದಿನೈದು ನಡೆ ಬಾಯಿಪಾಠ ಮಾಡಿದೆ. ಆದರೆ ನನ್ನ ಮಟ್ಟದ ಎದುರಾಳಿಗಳು ಎರಡನೇ ನಡೆಗೇ ಒಂಟೆಯನ್ನು ಸಿ4 ಮನೆಗೆ ತಂದು ಕೂರಿಸುತ್ತಿದ್ದರು. ನನ್ನ ಪಾಠ ಅಲ್ಲಿಗೇ ಮುಗಿಯುತ್ತಿತ್ತು. ಮೂರು ತಿಂಗಳಲ್ಲಿ ನಿಜವಾದ ನಾಯ್ಡೋರ್ಫ್ ಬೋರ್ಡಿಗೆ ಬಂದದ್ದು ನಾಲ್ಕು ಸಲ, ಅದರಲ್ಲಿ ಮೂರು ಸೋತೆ. ಬಿಳಿ ಕಾಯಿಗೆ ಕಲಿತ ಲಂಡನ್ ಸಿಸ್ಟಂ ಎಂಬ ಓಪನಿಂಗ್ ಮಾತ್ರ ಒಂದೇ ಸಂಜೆಯಲ್ಲಿ ಕೈಗೆ ಬಂತು. ಮಗಳು ಅದನ್ನು ‘ತಾತಂದಿರ ಓಪನಿಂಗ್’ ಅನ್ನುತ್ತಾಳೆ. ರೇಟಿಂಗ್ 1180ರಿಂದ 1210ಕ್ಕೆ ತೆವಳಿತು.

ಟ್ಯಾಕ್ಟಿಕ್ಸ್‌ನಲ್ಲಿ ಫಲ ಬೇಗ ಸಿಕ್ಕಿತು. ದಿನಕ್ಕೆ ಇಪ್ಪತ್ತು ಪಜಲ್: ಕುದುರೆಯ ಫೋರ್ಕ್ (ಒಂದೇ ನಡೆಯಲ್ಲಿ ಎರಡು ಕಾಯಿಗೆ ಗುರಿ), ಪಿನ್ (ಹಿಂದಿರುವ ದೊಡ್ಡ ಕಾಯಿಗಾಗಿ ಅಲ್ಲಾಡಲಾಗದ ಕಾಯಿ), ಹಿಂದಿನ ಸಾಲಿನಲ್ಲಿ ಸಿಕ್ಕಿಬಿದ್ದ ರಾಜ. 1390ರವರೆಗೆ ಏರಿದೆ. ತಕರಾರು ಒಂದೇ. ಪಜಲ್ ಎದುರಿಗೆ ಬಂತೆಂದರೆ ಇಲ್ಲಿ ಏನೋ ಇದೆ ಅಂತ ಮೊದಲೇ ಗೊತ್ತು. ಆಟದಲ್ಲಿ ಹಾಗೆ ಯಾರೂ ಸುಳಿವು ಕೊಡುವುದಿಲ್ಲ. ಇಲ್ಲದ ಚೆಕ್‌ಮೇಟ್ ಹುಡುಕುತ್ತಾ ಮಂತ್ರಿಯನ್ನೇ ಬಲಿಕೊಟ್ಟು ಬೆಪ್ಪಾದ ಆಟಗಳೂ ಇವೆ.

ಎಂಡ್‌ಗೇಮ್ ಮೊದಲೆರಡು ತಿಂಗಳು ಬರೀ ಬೇಸರ. ರೇಟಿಂಗ್ ಅಲ್ಲಾಡಲೇ ಇಲ್ಲ. ಬಿಳಿ ರಾಜ ಇ5, ಅದರ ಕಾಲಾಳು ಇ4, ಕಪ್ಪು ರಾಜ ಇ7. ಬೋರ್ಡಿನಲ್ಲಿ ಇಷ್ಟೇ. ಈಗ ಕಪ್ಪು ನಡೆಯಬೇಕಿದ್ದರೆ ಬಿಳಿ ಗೆಲ್ಲುತ್ತದೆ. ಬಿಳಿ ನಡೆಯಬೇಕಿದ್ದರೆ ಡ್ರಾ. ರಾಜರಿಬ್ಬರು ಒಂದು ಮನೆ ಬಿಟ್ಟು ಎದುರುಬದುರು ನಿಂತಾಗ ನಡೆಯುವ ಸರದಿ ಇದ್ದವನೇ ಜಾಗ ಬಿಡಬೇಕು. ಇದಕ್ಕೆ ಆಪೊಸಿಷನ್ ಅನ್ನುತ್ತಾರೆ. ಮೂರೇ ಕಾಯಿಯ ಈ ಲೆಕ್ಕ ತಲೆಗೆ ಹೋಗಲು ವಾರ ಹಿಡಿಯಿತು. ಆಮೇಲೆ ಲುಸೆನಾ, ಅಂದರೆ ಕಾಲಾಳನ್ನು ಮಂತ್ರಿ ಮಾಡಲು ಆನೆಯನ್ನು ನಾಲ್ಕನೇ ಸಾಲಿಗೆ ತಂದು ‘ಸೇತುವೆ’ ಕಟ್ಟುವ ಉಪಾಯ. ಅದು ಇವತ್ತಿನವರೆಗೆ ನನ್ನ ಆಟದಲ್ಲಿ ಒಮ್ಮೆಯೂ ಬಂದಿಲ್ಲ.

ಲಾಭವಾದದ್ದು ಬೇರೆ ಕಡೆ. ಮೊದಲು ಎದುರಾಳಿ ಮಂತ್ರಿಗೆ ಮಂತ್ರಿ ಕೊಡಲು ಬಂದರೆ ಹೆದರಿ ಸರಿದುಕೊಳ್ಳುತ್ತಿದ್ದೆ, ಇಲ್ಲವೇ ಯೋಚಿಸದೆ ಹೊಡೆದುಬಿಡುತ್ತಿದ್ದೆ. ಈಗ ಎಲ್ಲ ಕಾಯಿ ಹೋದ ಮೇಲೆ ಉಳಿಯುವ ಕಾಲಾಳುಗಳನ್ನು ಎಣಿಸಿ ನೋಡುತ್ತೇನೆ. ಸಿಂಗಪುರದಲ್ಲಿ 2024ರ ಡಿಸೆಂಬರ್ 12ರಂದು ಗುಕೇಶ್ ವಿಶ್ವ ಚಾಂಪಿಯನ್ ಆದ ಆ ಹದಿನಾಲ್ಕನೇ ಆಟವನ್ನು ಹೀಗೆ ಎಣಿಸುತ್ತಲೇ ಮತ್ತೆ ಹಾಕಿ ನೋಡಿದೆ. ಬಿಳಿ ಕಾಯಿ ಆಡುತ್ತಿದ್ದ, ಅಲ್ಲಿಯವರೆಗಿನ ಚಾಂಪಿಯನ್ ಚೀನಾದ ಡಿಂಗ್ ಲಿರೆನ್ 55ನೇ ನಡೆಯಲ್ಲಿ ಆನೆಯನ್ನು ಎಫ್2ಕ್ಕೆ ತಂದರು. ಗುಕೇಶ್ ಆನೆ ಬದಲಾಯಿಸಿದರು, ಒಂಟೆಯನ್ನೂ ಬದಲಾಯಿಸಿದರು. ಕೊನೆಗೆ ಬಿಳಿ ರಾಜ ಇ3, ಕಪ್ಪು ರಾಜ ಇ5, ನಡುವೆ ಒಂದು ಮನೆ, ನಡೆಯುವ ಸರದಿ ಬಿಳಿಯದು. ಸಾಲದ್ದಕ್ಕೆ ಗುಕೇಶ್‌ಗೆ ಒಂದು ಕಾಲಾಳು ಹೆಚ್ಚು. ಮೊದಲ ಸಲ ನೋಡಿದಾಗ ಎಲ್ಲರ ಜೊತೆ ಚಪ್ಪಾಳೆ ತಟ್ಟಿದ್ದೆ, ಡಿಂಗ್ ಯಾಕೆ ಸೋಲೊಪ್ಪಿದರು ಅಂತ ಮಾತ್ರ ಗೊತ್ತಾಗಿರಲಿಲ್ಲ.

ಬೇಗ ಗೆಲ್ಲಬೇಕು ಎನ್ನುವವರಿಗೆ ಟ್ಯಾಕ್ಟಿಕ್ಸ್ ಅಂತಲೇ ಹೇಳುತ್ತೇನೆ. ನನ್ನ ಅಂಕದಲ್ಲಿ ಹೆಚ್ಚು ಪಾಲು ಅದರದ್ದೇ. ಆದರೆ ಮತ್ತೆ ಮೊದಲಿನಿಂದ ಶುರುಮಾಡುವುದಾದರೆ ನಾಯ್ಡೋರ್ಫ್‌ಗೆ ಸುರಿದ ಮೂರು ತಿಂಗಳನ್ನೂ ಎಂಡ್‌ಗೇಮ್‌ಗೇ ಕೊಡುತ್ತಿದ್ದೆ. ಈಗ ದಿನಕ್ಕೆ ಹತ್ತು ಪಜಲ್, ಆಮೇಲೆ ಒಂದು ಎಂಡ್‌ಗೇಮ್. ಓಪನಿಂಗ್ ನೋಡುವುದು ಸೋತ ಆಟದಲ್ಲಿ ಎಲ್ಲಿ ದಾರಿ ತಪ್ಪಿದೆ ಅಂತ ಹುಡುಕುವಾಗ ಮಾತ್ರ. ಮಗಳ ಜೊತೆಗಿನ ಲೆಕ್ಕ ಸದ್ಯಕ್ಕೆ ಹದಿನಾಲ್ಕಕ್ಕೆ ಐದು. ಹದಿನಾಲ್ಕು ಅವಳದು.