1/10 ಜಿಪ್ಸಿ ಕಿಟ್ ಅಂತ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

"ಸ್ಕೇಲ್ ಜಿಪ್ಸಿ, 1/10, ಹಾರ್ಡ್ ಬಾಡಿ, ಲೀಫ್ ಸ್ಪ್ರಿಂಗ್, ಮೆಟಲ್ ಚಾಸಿ." ಮಾರುತಿ ಜಿಪ್ಸಿಯ ಹತ್ತನೇ ಒಂದು ಅಳತೆಯ ರಿಮೋಟ್ ಗಾಡಿ, ನಾವೇ ಜೋಡಿಸುವ ಕಿಟ್, ಅಂತ ಬರುವ ಈ ಜಾಹೀರಾತು ನೋಡಿ ಯಾರಾದರೂ ವಾಟ್ಸಾಪ್‌ನಲ್ಲಿ ಮಾತು ಶುರು ಮಾಡಿದ್ದರೆ ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ದುಡ್ಡು ಕಳಿಸಬೇಡಿ. ನಾನು ₹34,000 ಕಳಿಸಿದೆ. ಬಂದಿದ್ದು ಜಿಪ್ಸಿ ಅಲ್ಲ. 1/10 ಅಂತೂ ಅಲ್ಲವೇ ಅಲ್ಲ.

ಆರ್‌ಸಿ (ರಿಮೋಟ್ ಕಂಟ್ರೋಲ್) ಕಿಟ್ ಹೊರಗಿನಿಂದ ತರಿಸುವ ಕಷ್ಟ ನಿಮಗೆ ಗೊತ್ತೇ ಇದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಹಾಗಾಗಿ "ಸ್ಟಾಕ್ ಬೆಂಗಳೂರಲ್ಲೇ ಇದೆ ಸರ್" ಅನ್ನುವವರ ಹತ್ತಿರ ನಾವೆಲ್ಲ ಹೋಗುತ್ತೇವೆ. ನನಗೆ ಮಾರಿದವನೂ ಅದನ್ನೇ ಹೇಳಿದ. ಫೋಟೋ ಕಳಿಸಿದ. ನಾಲ್ಕೂ ಚಕ್ರಕ್ಕೆ ಲೀಫ್ ಪಟ್ಟಿ (ಗಾಡಿಯ ಭಾರ ಹೊತ್ತು ಬಾಗುವ ಸ್ಪ್ರಿಂಗ್ ಪಟ್ಟಿ), ಫೆಂಡರ್ ಒಳಗೆ ಸರಿಯಾಗಿ ಕೂತ ಸಣ್ಣ ಟೈರು, ತೆರೆಯುವ ಬಾನೆಟ್, ಬಾಗಿಲಿನ ಹಿಂಜ್ ಕೂಡ ಕಾಣುತ್ತಿತ್ತು. ಜಿಪ್ಸಿ ಇಷ್ಟಪಡುವವರು ಯಾರೇ ಆಗಲಿ, ಆ ಫೋಟೋ ನೋಡಿದರೆ ಬೇಕು ಅನ್ನಿಸುತ್ತದೆ.

ನಾನು ಸುಮ್ನೆ ದುಡ್ಡು ಹಾಕಲಿಲ್ಲ. ಕೇಳಿದ್ದೇನೆ, ಚಾಟ್ ಇವತ್ತಿಗೂ ಇದೆ. ಬಾಡಿ ಎಬಿಎಸ್ಸಾ (ಹಾರ್ಡ್ ಬಾಡಿಯ ಗಟ್ಟಿ ಪ್ಲಾಸ್ಟಿಕ್)? "ಯೆಸ್ ಸರ್." ಲೀಫ್ ಸ್ಪ್ರಿಂಗ್ ಕೆಲಸ ಮಾಡುತ್ತಾ? "ಯೆಸ್ ಸರ್, ಪೂರ್ತಿ ಮೆಟಲ್." ಫೋಟೋದಲ್ಲಿರುವುದೇ ಬರುತ್ತಾ? "ಸೇಮ್ ಸರ್, ಸೇಮ್."

ಬಾಕ್ಸ್ ತೆರೆದೆ. ಮೇಲೆಯೇ ತೆಳ್ಳಗಿನ ಪಾರದರ್ಶಕ ಲೆಕ್ಸಾನ್ (ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್) ಬಾಡಿ. ಗ್ರಿಲ್ ಸ್ಟಿಕ್ಕರ್, ಹೆಡ್‌ಲೈಟ್ ಸ್ಟಿಕ್ಕರ್, ಕಿಟಕಿಯ ರಬ್ಬರ್ ಬೀಡಿಂಗ್ ಕೂಡ ಸ್ಟಿಕ್ಕರ್. ಲೆಕ್ಸಾನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಗುರ ಇರುತ್ತದೆ, ಮೇಲ್ಭಾಗದ ಭಾರ ಕಡಿಮೆಯಾಗಿ ಬಂಡೆ ಹತ್ತುವಾಗ ಮಗುಚುವುದು ಕಡಿಮೆ, ಬಿದ್ದರೂ ಬೇಗ ಒಡೆಯಲ್ಲ. ಆದರೆ ಹಾರ್ಡ್ ಬಾಡಿ ಅಂತ ಹೇಳಿ, ಅದರ ಬೆಲೆ ತಗೊಂಡು ಇದನ್ನು ಕಳಿಸುವುದು ಮೋಸ.

ಅದಾದ ಮೇಲೆ ಲೀಫ್ ಸ್ಪ್ರಿಂಗ್ ಹುಡುಕಿದೆ. ಒಂದು ಪ್ಯಾಕೆಟ್‌ನಲ್ಲಿ ಕಪ್ಪು ಪ್ಲಾಸ್ಟಿಕ್ ತುಂಡುಗಳಿದ್ದವು. ಲೀಫ್ ಪಟ್ಟಿಯ ಆಕಾರದಲ್ಲೇ ಅಚ್ಚು ಹಾಕಿದ್ದಾರೆ. ಚಾಸಿಯ ಪಕ್ಕಕ್ಕೆ ಎರಡು ಸ್ಕ್ರೂ ಹಾಕಿ ಕೂರಿಸಬೇಕು, ಅಷ್ಟೇ. ಅವು ಬಾಗಲ್ಲ, ಆಕ್ಸಲ್‌ಗೆ ಮುಟ್ಟುವುದೂ ಇಲ್ಲ. ಆಕ್ಸಲ್ ನಿಲ್ಲುವುದು ಲಿಂಕ್‌ಗಳ ಮೇಲೆ, ಭಾರ ಹೊರುವುದು ಕಾಯಿಲ್ ಶಾಕ್‌ಗಳು. ಆ ತುಂಡುಗಳನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಕೆಲಸ ಮಾಡುತ್ತಾ ಅಂತ ಬಾಯಿಬಿಟ್ಟು ಕೇಳಿದ್ದೆ ಅಲ್ವಾ! ಯೆಸ್ ಅಂದಿದ್ದ. ಇದು ಗೊತ್ತಿದ್ದೇ ಯೆಸ್ ಅಂದಿದ್ದ.

ಆಮೇಲೆ ಟೇಪ್ ಹಿಡಿದೆ. ನಿಜವಾದ ಜಿಪ್ಸಿಯ ವ್ಹೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ) 2,375 ಮಿ.ಮೀ. 1/10 ಅಂದರೆ ಸುಮಾರು 238 ಮಿ.ಮೀ. ಇರಬೇಕು. ಇದು 313 ಇದೆ. ಯಾವುದೋ ಕ್ರಾಲರ್‌ನ (ಬಂಡೆ ಹತ್ತುವ ಆರ್‌ಸಿ ಗಾಡಿಯ) ಚಾಸಿ ತಗೊಂಡು, ಅದಕ್ಕೆ ತಕ್ಕಂತೆ ಬಾಡಿಯನ್ನು ಬಾಗಿಲ ಹಿಂದೆ ಎಳೆದು ಉದ್ದ ಮಾಡಿದ್ದಾರೆ. ಟೈರ್ ಇನ್ನೂ ಅನ್ಯಾಯ. ಜಿಪ್ಸಿಯ 205/70 ಆರ್15 ಟೈರಿನ ಎತ್ತರ ಲೆಕ್ಕ ಹಾಕಿದರೆ 668 ಮಿ.ಮೀ. ಬರುತ್ತದೆ. ಹತ್ತನೇ ಒಂದು ಭಾಗ 67. ಕಿಟ್‌ನಲ್ಲಿ ಬಂದಿದ್ದು 110 ಮಿ.ಮೀ. ಟೈರು! ಅಂದರೆ ಉದ್ದ 1/7.6, ಚಕ್ರ 1/6. ಒಂದೇ ಗಾಡಿಯಲ್ಲಿ ಎರಡು ಸ್ಕೇಲ್. ಪುಟ್ಟ ಮಗು ಅಪ್ಪನ ಬೂಟು ಹಾಕಿಕೊಂಡ ಹಾಗೆ ಕಾಣುತ್ತದೆ.

ಇದನ್ನು ಕಟ್ಟಿ ನನ್ನ ಸೋದರಮಾವನಿಗೆ ಕೊಡಬೇಕು ಅಂತ ಇತ್ತು. ಸಕಲೇಶಪುರದ ಕಡೆ ತೋಟದ ದಾರಿಯಲ್ಲಿ ವರ್ಷಗಟ್ಟಲೆ ಜಿಪ್ಸಿ ಓಡಿಸಿದವರು. ಮನೆಗೆ ಬಂದಾಗ ಮೇಜಿನ ಮೇಲಿದ್ದ ಬಾಡಿ ನೋಡಿ "ಇದು ಯಾವ ಗಾಡಿನೋ?" ಅಂದರು. ನನಗೆ ಉತ್ತರ ಕೊಡಲಾಗಲಿಲ್ಲ. ಎಲ್ಲರ ಮುಂದೆ ತಲೆ ತಗ್ಗಿಸುವ ಹಾಗಾಯಿತು.

ಈಗ ಮಾರಿದವನ ಉತ್ತರಗಳನ್ನು ಕೇಳಿ.

ಅಳತೆ ಕಳಿಸಿದ್ದಕ್ಕೆ: "ಸರ್, 1/10 ಅಂದ್ರೆ ಸೈಜ್ ಕ್ಲಾಸ್, ಅಳತೆ ಅಲ್ಲ. ಎಲ್ಲಾ ಕಂಪನಿನೂ ಹೀಗೇ ಮಾಡೋದು."

ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಜಾಸ್ತಿ ಸಿಟ್ಟು ಬರುವುದು. ಟ್ರಾಕ್ಸಸ್ ಕಂಪನಿಯ ಆರ್‌ಸಿ ಗಾಡಿ ಟಿಆರ್‌ಎಕ್ಸ್-4 ಡಿಫೆಂಡರ್ ಕೂಡ 1/10 ಅಂತಲೇ ಮಾರಾಟವಾಗುತ್ತದೆ. ಅದರ ವ್ಹೀಲ್‌ಬೇಸ್ 324 ಮಿ.ಮೀ., ನಿಜವಾದ ಲ್ಯಾಂಡ್ ರೋವರ್ ಡಿಫೆಂಡರ್ 110ರದ್ದು 2,794. ಲೆಕ್ಕ ಹಾಕಿದರೆ 1/8.6. ಆದರೆ ಅವರು 324 ಅಂತ ಮೊದಲೇ ಬರೆದಿರುತ್ತಾರೆ. ಓದಿ, ಬೇಕಾದರೆ ತಗೊಳ್ಳಬಹುದು. ಇವನು ಎಲ್ಲೂ ಅಳತೆ ಹಾಕಿಲ್ಲ. ಬೇರೆ ಯಾರೋ ತಿಂಗಳುಗಟ್ಟಲೆ ಕೂತು ಮಾಡಿದ ಗಾಡಿಯ ಫೋಟೋ ಹಾಕಿದ್ದಾನೆ.

ಫೋಟೋ ಬಗ್ಗೆ ಕೇಳಿದೆ. "ಫೋಟೋ ರೆಫರೆನ್ಸ್‌ಗೆ ಸರ್." ಸೇಮ್ ಅಂದಿದ್ದೆಯಲ್ಲ ಅಂದೆ. "ಕಲರ್ ಸೇಮ್ ಅಂತ ಹೇಳಿದ್ದು." ಬಂದಿರುವುದು ಬಣ್ಣವೇ ಇಲ್ಲದ ಬಾಡಿ!

ವಾಪಸ್ ತಗೋ ಅಂದೆ. "ಓಪನ್ ಮಾಡಿದ ಕಿಟ್ ರಿಟರ್ನ್ ಇಲ್ಲ." ತೆರೆಯದೆ ಒಳಗೆ ಏನಿದೆ ಅಂತ ಹೇಗೆ ಗೊತ್ತಾಗಬೇಕು? "ಅನ್‌ಬಾಕ್ಸಿಂಗ್ ವಿಡಿಯೋ ಇದ್ರೆ ಕಳಿಸಿ." ಇತ್ತು, ಕಳಿಸಿದೆ. "ಐಟಂ ಡ್ಯಾಮೇಜ್ ಆಗಿಲ್ವಲ್ಲ ಸರ್, ಚೆನ್ನಾಗೇ ಇದೆ." ಕೊನೆಗೆ ಒಂದು ಮಾತು ಹೇಳಿದ, ಅದು ಇನ್ನೂ ಚುಚ್ಚುತ್ತಿದೆ: "ಓಡಿಸಿ ನೋಡಿ ಸರ್, ಓಡುವಾಗ ಯಾರು ಸ್ಕೇಲ್ ನೋಡ್ತಾರೆ?"

ನಾವು ನೋಡುತ್ತೇವೆ. ಬರೀ ಓಡಿಸುವುದಾಗಿದ್ದರೆ ಇದರ ಕಾಲು ಭಾಗ ದುಡ್ಡಿಗೆ ಡಬ್ಲ್ಯುಪಿಎಲ್ ಕಂಪನಿಯ ಸಣ್ಣ ಗಾಡಿ ತಗೊಳ್ಳುತ್ತಿದ್ದೆ. ಅದು 1/16, ಪ್ಲಾಸ್ಟಿಕ್ ಅಂತ ಗೊತ್ತಿದ್ದೇ ತಗೊಳ್ಳುತ್ತೇವೆ, ಬೇಜಾರೂ ಇರಲ್ಲ. ಸ್ಕೇಲ್ ಕಿಟ್‌ಗೆ ಜಾಸ್ತಿ ದುಡ್ಡು ಕೊಡುವುದೇ ಆ ಲೀಫ್ ಪಟ್ಟಿ ನಿಜವಾಗಿ ಬಾಗಲಿ ಅಂತ, ಚಕ್ರ ಫೆಂಡರ್ ಒಳಗೆ ಕೂರಲಿ ಅಂತ.

ತಗೊಳ್ಳುವವರು ಚಾಸಿಯ ಪಕ್ಕ ಟೇಪ್ ಇಟ್ಟು ತೆಗೆದ ಫೋಟೋ ಕೇಳಿ. ಗಾಡಿ ಮಗುಚಿ ತಳದ ಫೋಟೋ ಕೇಳಿ, ಲೀಫ್ ನಿಜವೋ ಸುಳ್ಳೋ ಅಲ್ಲೇ ಗೊತ್ತಾಗುತ್ತದೆ. ರಿಮ್ ಸೈಜ್ ಕೇಳಿ. ಜಿಪ್ಸಿಯದು 15 ಇಂಚು, ಹಾಗಾಗಿ 1/10ರಲ್ಲಿ 1.55 ಇಂಚಿನ ರಿಮ್ ಹೊಂದುತ್ತದೆ. 1.9 ಅಂದರೆ 19 ಇಂಚಿನ ರಿಮ್ ಆಯಿತು. ಫೋಟೋ ಕೊಡದೆ "ಟ್ರಸ್ಟ್ ಮಾಡಿ ಸರ್" ಅಂದರೆ ಅಲ್ಲಿಗೇ ಮಾತು ಮುಗಿಸಿ. ಮೊದಲೇ ಪೂರ್ತಿ ದುಡ್ಡು ಯುಪಿಐ ಮಾಡಬೇಡಿ, ಯಾರೇ ಕೇಳಲಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಚಾಟ್, ವಿಡಿಯೋ, ಟೇಪ್ ಇಟ್ಟ ಫೋಟೋ ಎಲ್ಲಾ ಕೊಟ್ಟಿದ್ದೇನೆ. ಮಾರಿದವನು ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ಆದರೆ ಅದೇ ಫೋಟೋಗಳ ಜಾಹೀರಾತು ಇನ್ನೂ ಓಡುತ್ತಿದೆ, ಈಗ ₹36,500ಕ್ಕೆ, "ಕೊನೆಯ ಕೆಲವು ಪೀಸ್" ಅಂತ. ಹಸಿರು ಜಿಪ್ಸಿ, ಬಾನೆಟ್ ತೆರೆದಿದೆ, ಹಿಂದೆ ಕಲ್ಲಿನ ಗೋಡೆ ಇದೆ. ಆ ಫೋಟೋ ನಿಮಗೂ ಬಂದಿದ್ದರೆ ಅದು ಇವನೇ.