ಜೆರಾಕ್ಸ್ ಅಂಗಡಿಯಲ್ಲಿ ಲಿಬ್ರೆ ಆಫೀಸ್

ತಾಲ್ಲೂಕು ಕಚೇರಿ ಎದುರು ನನ್ನದೊಂದು ಜೆರಾಕ್ಸ್, ಟೈಪಿಂಗ್ ಅಂಗಡಿ. ಅರ್ಜಿ, ಬಾಡಿಗೆ ಕರಾರು, ಬಯೋಡೇಟಾ, ಇಷ್ಟೇ ಕೆಲಸ. ಮೊದಲು ಇದ್ದದ್ದು ಕದ್ದ ಸಾಫ್ಟ್‌ವೇರ್, ಸುಳ್ಳು ಯಾಕೆ ಹೇಳಲಿ. ಅದರ ಜೊತೆಗೇ ವೈರಸ್ ಬಂತು, ಎರಡು ದಿನ ಅಂಗಡಿ ಬಂದ್. ಆಮೇಲೆ ಲಿಬ್ರೆ ಆಫೀಸ್ ಹಾಕಿದೆ, ಪತ್ರ, ಲೆಕ್ಕದ ಪಟ್ಟಿ ಎಲ್ಲ ಮಾಡುವ ಉಚಿತ ಸಾಫ್ಟ್‌ವೇರ್. ಓಪನ್ ಆಫೀಸ್ ಎಂಬ ಇಂಥದ್ದೇ ಸಾಫ್ಟ್‌ವೇರ್‌ನಿಂದ 2010ರಲ್ಲಿ ಕವಲೊಡೆದದ್ದು ಇದು. ದುಡ್ಡು ಕೊಡಬೇಕಿಲ್ಲ, ಲೈಸೆನ್ಸ್ ಕೀ ಹುಡುಕಬೇಕಿಲ್ಲ. ಮೂರೂ ಕಂಪ್ಯೂಟರಿಗೆ ಹಾಕಿದ್ದೇನೆ.

ಜಾಸ್ತಿ ಹಿಡಿಸಿದ್ದು ಪಿಡಿಎಫ್ ಬಟನ್. ಕಣ್ಣೆದುರಿಗೇ ಇದೆ, ಒತ್ತಿದರೆ ಆಯ್ತು. ಪಿಡಿಎಫ್‌ನಲ್ಲೇ ಬಂದ ಅರ್ಜಿಯಲ್ಲಿ ಒಂದಕ್ಷರ ತಿದ್ದಬೇಕಾದರೆ ಇದರಲ್ಲೇ ಇರುವ ಡ್ರಾ ಎಂಬ ಚಿತ್ರ ಬಿಡಿಸುವ ಭಾಗದಲ್ಲಿ ತೆರೆಯುತ್ತೇನೆ. ಮೆನುಗಳನ್ನು ಕನ್ನಡಕ್ಕೂ ಬದಲಿಸಬಹುದು. ನಾನು ಬದಲಿಸಿ, ಎರಡೇ ದಿನಕ್ಕೆ ಇಂಗ್ಲಿಷಿಗೆ ವಾಪಸ್ ಬಂದೆ. ಹಳೇ ಅಭ್ಯಾಸ, ಏನು ಮಾಡುವುದು!

ತಲೆನೋವೂ ಇದೆ. ಗಿರಾಕಿಗಳು ತರುವ ಡಾಕ್ಸ್ ಫೈಲಿನಲ್ಲಿ, ಅಂದರೆ ಮೈಕ್ರೋಸಾಫ್ಟ್ ವರ್ಡ್ ಫೈಲಿನಲ್ಲಿ, ದೊಡ್ಡ ಟೇಬಲ್ ಇದ್ದರೆ ಗೆರೆಗಳು ಅತ್ತಿತ್ತ ಸರಿಯುತ್ತವೆ, ಕೂತು ಸರಿಮಾಡಬೇಕು. ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫೈಲುಗಳು ಅದರ ಫಾಂಟ್ ಇಲ್ಲದಿದ್ದರೆ ಬರೀ ಗೀಚಿದ ಹಾಗೆ ಕಾಣುತ್ತವೆ. ಅದಕ್ಕೆ ಲಿಬ್ರೆ ಆಫೀಸನ್ನು ಬೈದು ಪ್ರಯೋಜನ ಇಲ್ಲ, ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರ ಸಂಕೇತ ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು, ಅಷ್ಟೇ.

ಯಾರಾದರೂ ಕೇಳಿದರೆ ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇನೆ. ಈ ಸಲ ಕದ್ದದ್ದಲ್ಲ.